ಬೇವು, ಬಾವಂಚಿ, ಟೀ ಟ್ರೀ: ಮೊಡವೆಗೆ ಗಿಡದ ಮದ್ದು ಹಚ್ಚುವ ಕ್ರಮ

ಪಿಯುಸಿ ಎರಡನೇ ವರ್ಷದ ಬೇಸಿಗೆ ರಜೆ. ನಿಂಬೆರಸಕ್ಕೆ ಅರಿಶಿನ ಕಲಸಿ ಮುಖಕ್ಕೆ ಬಳಿದುಕೊಂಡು, ಬೇಗ ಒಣಗಲಿ ಎಂದು ಅಂಗಳದ ಬಿಸಿಲಲ್ಲಿ ಕೂತಿದ್ದೆ. ಮೊಡವೆ ಹೋಗಲಿಲ್ಲ. ಬದಲಿಗೆ ಎಡಗೆನ್ನೆಯ ಮೇಲೆ ರಸ ಇಳಿದ ಜಾಡಿನಲ್ಲೇ ಒಂದು ಕಂದು ಪಟ್ಟೆ ಎದ್ದಿತು. ಅದು ಮಾಸುವಷ್ಟರಲ್ಲಿ ದೀಪಾವಳಿ ಬಂದಿತ್ತು. ನಮ್ಮ ಶಿರಸಿ ಕಡೆ ಮೊಡವೆಗೆ ಜಾಯಿಕಾಯಿ ತೇಯ್ದು ಹಚ್ಚುವ ರೂಢಿ. ಆಯಿ ಅದನ್ನೇ ಹೇಳಿದ್ದಳು, ನಾನು ಯಾವುದೋ ವಾರಪತ್ರಿಕೆಯ ‘ಸೌಂದರ್ಯ ಸಲಹೆ’ಯನ್ನು ನಂಬಿದ್ದೆ.

ನಿಂಬೆಯ ಸಿಪ್ಪೆಯಲ್ಲಿ ಫ್ಯೂರೋಕೌಮರಿನ್ ಎಂಬ ಗುಂಪಿನ ಅಂಶಗಳಿವೆ. ಚರ್ಮಕ್ಕೆ ತಗುಲಿದ ಮೇಲೆ ಬಿಸಿಲು ಬಿದ್ದರೆ ಅವು ಸುಡುತ್ತವೆ. ಹಣ್ಣು ಹಿಂಡುವಾಗ ಸಿಪ್ಪೆಯ ಎಣ್ಣೆಯೂ ರಸಕ್ಕಿಳಿಯುತ್ತದೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಗಿಡದ್ದು ಅಂದಮೇಲೆ ತೊಂದರೆ ಏನು ಅನ್ನುವ ಮಾತು ಅಂದಿಗೇ ನನ್ನ ಮಟ್ಟಿಗೆ ಮುಗಿಯಿತು. ಹಾಗಂತ ಗಿಡದ ಮದ್ದೆಲ್ಲ ಸುಳ್ಳು ಅನ್ನುವವರ ಜೊತೆಗೂ ನಾನಿಲ್ಲ. ಇಂದು ಚರ್ಮವೈದ್ಯರು ಬರೆದುಕೊಡುವ ಎರಡು ಮುಖ್ಯ ಮದ್ದುಗಳ ಬೇರು ಗಿಡಗಳಲ್ಲೇ ಇದೆ. ಗೊಂದಲ ಹುಟ್ಟುವುದು ಗಿಡವನ್ನೂ ಗಿಡದೊಳಗಿನ ಅಂಶವನ್ನೂ ಒಂದೇ ಎಂದುಕೊಂಡಾಗ. ಯಾವ ಅಂಶ, ಎಷ್ಟು ಪ್ರಮಾಣ, ಯಾವ ರೂಪದಲ್ಲಿ, ಎಷ್ಟು ದಿನ: ಈ ನಾಲ್ಕಕ್ಕೆ ಉತ್ತರ ಇದ್ದರೆ ಅದು ಮದ್ದು, ಇಲ್ಲದಿದ್ದರೆ ಬರೀ ಲೇಪ.

ಹಂತ 1: ಕನ್ನಡಿ ಮುಂದೆ ನಿಂತು ಯಾವ ಬಗೆಯ ಮೊಡವೆ ಎಂದು ಗುರುತಿಸಿ

ರೋಮದ ಬುಡದಲ್ಲಿ ಜಿಡ್ಡಿನ ಗ್ರಂಥಿ ಇರುತ್ತದೆ. ಹರೆಯದ ಹಾರ್ಮೋನು ಏರಿದಾಗ ಜಿಡ್ಡು ಹೆಚ್ಚಾಗಿ ಸುರಿಯುತ್ತದೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಕಣಗಳು ಉದುರದೆ ಅಂಟಿಕೊಂಡು ಬಾಯಿ ಕಟ್ಟುತ್ತವೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 2016ರವರೆಗೆ ಇದಕ್ಕೆ ಪ್ರೊಪಿಯೋನಿಬ್ಯಾಕ್ಟೀರಿಯಂ ಎಂಬ ಹೆಸರಿತ್ತು, ಹಳೆಯ ಲೇಬಲ್ಲುಗಳಲ್ಲಿ ಈಗಲೂ ಅದೇ ಇರುತ್ತದೆ. ಕೊನೆಗೆ ಮೈಯ ರಕ್ಷಣಾ ಪಡೆ ನುಗ್ಗಿ ಉರಿಯೂತ. ಜಿಡ್ಡು, ಅಡಚಣೆ, ಬ್ಯಾಕ್ಟೀರಿಯಾ, ಉರಿಯೂತ, ಹೀಗೆ ನಾಲ್ಕು. ಗಿಡದ ಯಾವ ಅಂಶವೂ ನಾಲ್ಕನ್ನೂ ಒಟ್ಟಿಗೆ ಹಿಡಿಯುವುದಿಲ್ಲ. ಹಾಗಾಗಿ ನಿಮ್ಮ ಮುಖದಲ್ಲಿ ಯಾವುದರ ಜೋರು ಹೆಚ್ಚು ಎಂದು ಮೊದಲು ನೋಡಬೇಕು.

ಮೂಗಿನ ಮೇಲೆ ಕಪ್ಪು ಚುಕ್ಕೆ, ಹಣೆಯಲ್ಲಿ ಸಾಸಿವೆ ಕಾಳಿನಂಥ ಬಿಳಿ ಗುಳ್ಳೆ ಇದ್ದರೆ ಅಡಚಣೆ ಮುಖ್ಯ. ಕೆಂಪಾಗಿ, ಮುಟ್ಟಿದರೆ ನೋವಾಗಿ, ತುದಿಯಲ್ಲಿ ಕೀವು ಕಟ್ಟಿದ್ದರೆ ಬ್ಯಾಕ್ಟೀರಿಯಾ ಮತ್ತು ಉರಿಯೂತ. ಮೊಡವೆ ಒಣಗಿ ಕಪ್ಪು ಕಲೆ ಉಳಿದಿದ್ದರೆ ಅದಕ್ಕೆ ಬೇರೆಯೇ ಉಪಚಾರ. ದವಡೆ, ಗಲ್ಲದ ಕೆಳಗೆ ಆಳದಲ್ಲಿ ಗಂಟುಗಂಟಾಗಿ ಬಂದಿದ್ದರೆ ಈ ಲೇಖನದ ಕೊನೆಯ ಹಂತಕ್ಕೆ ನೇರ ಹೋಗಿ, ನಡುವಿನದು ನಿಮಗಲ್ಲ.

ಇನ್ನೊಂದು ಉಂಟು. ಹಣೆ, ಎದೆ, ಬೆನ್ನಿನಲ್ಲಿ ಎಲ್ಲವೂ ಒಂದೇ ಅಳತೆಯ ಸಣ್ಣ ಗುಳ್ಳೆ, ಜೊತೆಗೆ ತುರಿಕೆ, ಸೆಕೆಗೆ ಬೆವರಿದರೆ ಇನ್ನೂ ಹೆಚ್ಚು. ಇದು ಬಹಳ ಸಲ ಮೊಡವೆಯೇ ಅಲ್ಲ, ಶಿಲೀಂಧ್ರದಿಂದ ಬರುವ ರೋಮಕೂಪದ ಸೋಂಕು. ಅದಕ್ಕೆ ಎಣ್ಣೆ ಬೆರೆತ ಗಿಡದ ಲೇಪ ಹಚ್ಚಿದರೆ ಉಣ್ಣಲು ಕೊಟ್ಟಂತೆ, ಆ ಶಿಲೀಂಧ್ರದ ಆಹಾರವೇ ಕೊಬ್ಬು.

ನಮ್ಮವರು ಇದನ್ನೆಲ್ಲ ಗಮನಿಸಿರಲಿಲ್ಲ ಅಂತಲ್ಲ. ಸುಶ್ರುತ ಸಂಹಿತೆ ಹರೆಯದವರ ಮುಖದ ಮೇಲೆ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆಗಳನ್ನು ‘ಮುಖದೂಷಿಕಾ’ ಎಂದು ಕರೆಯುತ್ತದೆ. ಬೂರುಗದ ಕಾಂಡ ನೋಡಿದವರಿಗೆ ಆ ಹೋಲಿಕೆ ಎಷ್ಟು ಕರಾರುವಾಕ್ಕು ಎಂದು ಗೊತ್ತು.

ಹಂತ 2: ಈಗ ಹಚ್ಚುತ್ತಿರುವುದನ್ನು ತೆಗೆದಿಡಿ

ಮೊದಲು ಟ್ಯೂಬುಗಳ ಹಿಂಬದಿ ಓದಿ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೋಲೋನ್, ಇವುಗಳಲ್ಲಿ ಯಾವ ಹೆಸರು ಕಂಡರೂ ಅದು ಸ್ಟೀರಾಯ್ಡ್. ‘ಬೆಳ್ಳಗಾಗುವ ಕ್ರೀಮು’ ಎಂದು ಪಕ್ಕದ ಮನೆಯವರು ಹೇಳಿದ್ದು, ಮೆಡಿಕಲ್ ಶಾಪಿನ ಹುಡುಗ ಕೊಟ್ಟಿದ್ದು ಬಹುಪಾಲು ಇದೇ. ಎರಡು ವಾರ ಮುಖ ಫಳಫಳ ಅನ್ನುತ್ತದೆ, ಆಮೇಲೆ ಸ್ಟೀರಾಯ್ಡೇ ಹೊಸ ಮೊಡವೆ ಎಬ್ಬಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸಿದಾಗ ಮುಖ ಕೆಂಡದಂತೆ ಉರಿಯಬಹುದು. ಅದನ್ನು ಬಿಡಿಸುವುದು ವೈದ್ಯರ ಕೆಲಸ, ಬೇವಿನ ಎಲೆಯ ಕೆಲಸವಲ್ಲ.

ಆಮೇಲೆ ತೆಂಗಿನೆಣ್ಣೆ. ಕರಾವಳಿಯವರು ಸಿಟ್ಟಾಗಬೇಡಿ. ತೆಂಗಿನೆಣ್ಣೆಯಲ್ಲಿ ಹೆಚ್ಚಿರುವ ಲಾರಿಕ್ ಆಮ್ಲ ಪ್ರಯೋಗಾಲಯದ ತಟ್ಟೆಯಲ್ಲಿ ಮೊಡವೆಯ ಬ್ಯಾಕ್ಟೀರಿಯಾವನ್ನು ಚೆನ್ನಾಗಿಯೇ ಕೊಲ್ಲುತ್ತದೆ. ಆದರೆ ಎಣ್ಣೆಯಾಗಿ ಮುಖಕ್ಕೆ ಬಂದಾಗ ಅದು ರಂಧ್ರ ಕಟ್ಟುವ ಪೈಕಿ. ಅಂಶ ಒಳ್ಳೆಯದು, ಅದು ಕೂತು ಬಂದ ಗಾಡಿ ಒಳ್ಳೆಯದಲ್ಲ. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದರೂ ಅದೇ ಕಥೆ. ಹಣೆಯ ಕೂದಲಂಚಿನಲ್ಲಷ್ಟೇ ಗುಳ್ಳೆ ಸಾಲುಗಟ್ಟಿದ್ದರೆ ರಾತ್ರಿ ಎಣ್ಣೆ ಹಚ್ಚಿ ಮಲಗುವುದನ್ನು ಬಿಟ್ಟು, ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ಎಷ್ಟೋ ಜನಕ್ಕೆ ಇಷ್ಟರಲ್ಲೇ ಅರ್ಧ ಕಡಿಮೆಯಾಗುತ್ತದೆ.

ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟು, ಬೆಳ್ಳುಳ್ಳಿ, ಅಕ್ರೋಟದ ಚಿಪ್ಪಿನ ಸ್ಕ್ರಬ್ಬು, ಇವನ್ನು ಇಂದೇ ಬಿಡಿ. ಹಸಿ ಬೆಳ್ಳುಳ್ಳಿ ಚರ್ಮವನ್ನು ಬೆಂಕಿ ಸುಟ್ಟಂತೆ ಸುಡುತ್ತದೆ.

ಹಂತ 3: ಒಂದೇ ಒಂದು ಅಂಶ ಆರಿಸಿಕೊಳ್ಳಿ

ಎಲ್ಲವನ್ನೂ ಬೆರೆಸಿ ‘ಹನ್ನೆರಡು ಮೂಲಿಕೆಗಳ ಫೇಸ್‌ಪ್ಯಾಕ್’ ಮಾಡಿದರೆ ಗುಣವಾದರೂ ಯಾವುದರಿಂದ ಎಂದು ತಿಳಿಯದು, ಅಲರ್ಜಿಯಾದರೂ ತಿಳಿಯದು. 2015ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಮೊಡವೆಯ ಪರ್ಯಾಯ ಚಿಕಿತ್ಸೆಗಳ 35 ಪ್ರಯೋಗಗಳನ್ನು, ಒಟ್ಟು 3,227 ಮಂದಿಯ ಮಾಹಿತಿಯನ್ನು ಜಾಲಾಡಿದಾಗ ಸಿಕ್ಕಿದ್ದು ಬಹುಪಾಲು ದುರ್ಬಲ ಪುರಾವೆ. ಟೀ ಟ್ರೀ ಎಣ್ಣೆಯಂಥ ಒಂದೆರಡರ ಬಗ್ಗೆ ಮಾತ್ರ, ಅದೂ ಹಿಂಜರಿಯುತ್ತ, ‘ಉಪಯೋಗವಾಗಬಹುದು’ ಎಂದರು. ಹಾಗಾಗಿ ಕೆಳಗಿನದನ್ನು ನಾನು ನಂಬಿಕೆಯ ಇಳಿಕೆ ಕ್ರಮದಲ್ಲಿ ಬರೆದಿದ್ದೇನೆ.

ಸ್ಯಾಲಿಸಿಲಿಕ್ ಆಮ್ಲ. ಕಪ್ಪು, ಬಿಳಿ ಚುಕ್ಕೆಗಳಿಗೆ. 1828ರಲ್ಲಿ ಮ್ಯೂನಿಕ್‌ನ ಯೋಹಾನ್ ಬುಕ್ನರ್ ವಿಲೋ ಮರದ ತೊಗಟೆಯಿಂದ ಕಹಿಯಾದ ಹಳದಿ ಹರಳು ತೆಗೆದು ಅದಕ್ಕೆ ಸ್ಯಾಲಿಸಿನ್ ಎಂದು ಹೆಸರಿಟ್ಟರು. ಆ ದಾರಿಯಲ್ಲೇ ಮುಂದೆ ಸ್ಯಾಲಿಸಿಲಿಕ್ ಆಮ್ಲವೂ ಆಸ್ಪಿರಿನ್ನೂ ಬಂದವು. ನೀಲಗಿರಿ ಬೆಟ್ಟದಲ್ಲಿ ಸಿಗುವ ವಿಂಟರ್‌ಗ್ರೀನ್ ಎಣ್ಣೆಯಲ್ಲಿರುವುದೂ ಇದರ ಸೋದರನೇ. ನೋವಿನ ಮುಲಾಮಿನ ಆ ಘಾಟು ವಾಸನೆ ಅದರದ್ದು. ಅದನ್ನು ಮಾತ್ರ ಮೊಡವೆಗೆ ಹಚ್ಚಬೇಡಿ. ಸ್ಯಾಲಿಸಿಲಿಕ್ ಆಮ್ಲದ ಗುಣವೆಂದರೆ ಜಿಡ್ಡಿನಲ್ಲಿ ಕರಗುವುದು. ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಕ್ಕೆ ಇಳಿದು ಅಂಟಿಕೊಂಡ ಕಣಗಳನ್ನು ಬಿಡಿಸುತ್ತದೆ. ಶೇ. 0.5ರಿಂದ 2ರವರೆಗಿನ ಪ್ರಮಾಣ ಸಾಕು. ಇಂದು ಅದು ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಮರದ್ದಕ್ಕೂ ಅದಕ್ಕೂ ಅಣುವಿನಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದ ‘ವಿಲೋ ತೊಗಟೆಯ ಸಾರ’ ಎಂದು ಬರೆದು ಮೂರು ಪಟ್ಟು ಬೆಲೆ ಹಾಕಿದ ಸೀರಮ್ಮಿಗೆ ಮರುಳಾಗಬೇಡಿ. ಆ ಸಾರದಲ್ಲಿರುವ ಸ್ಯಾಲಿಸಿನ್ ಚರ್ಮದ ಮೇಲೆ ಅಷ್ಟು ಸಲೀಸಾಗಿ ಆಮ್ಲವಾಗುವುದಿಲ್ಲ. ಆಸ್ಪಿರಿನ್ ಒಗ್ಗದವರಿಗೆ ಇದು ಬೇಡ.

ಅಜೆಲೈಕ್ ಆಮ್ಲ. ನನ್ನನ್ನು ಕೇಳಿದರೆ ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಹೇಳಿ ಮಾಡಿಸಿದ್ದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಇರುವ ಅಂಶ ಇದು. ಮಾರಾಟಕ್ಕೆ ಬರುವುದನ್ನು ಎಣ್ಣೆಗಳ ಒಲಿಕ್ ಆಮ್ಲದಿಂದ ತಯಾರಿಸುತ್ತಾರೆ. ಬ್ಯಾಕ್ಟೀರಿಯಾ ತಡೆಯುತ್ತದೆ, ಅಡಚಣೆ ಸಡಿಲಿಸುತ್ತದೆ, ಕೆಂಪು ಇಳಿಸುತ್ತದೆ, ಅದಕ್ಕೂ ಮಿಗಿಲಾಗಿ ಕಲೆಯ ಬಣ್ಣ ತಯಾರಿಸುವ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಮೊಡವೆಗಿಂತ ಅದು ಬಿಟ್ಟುಹೋಗುವ ಕಪ್ಪೇ ದೊಡ್ಡ ಚಿಂತೆ ತಾನೆ? ಶೇ. 15ರ ಜೆಲ್, ಶೇ. 20ರ ಕ್ರೀಮು ಸಿಗುತ್ತವೆ. ಬಸುರಿಯರಿಗೆ ವೈದ್ಯರು ಧೈರ್ಯವಾಗಿ ಕೊಡುವ ಕೆಲವೇ ಮೊಡವೆ ಮದ್ದುಗಳಲ್ಲಿ ಇದೂ ಒಂದು. ಮೊದಲ ಎರಡು ವಾರ ಚುಚ್ಚಿದಂತೆ, ತುರಿಸಿದಂತೆ ಆಗುತ್ತದೆ. ಅದನ್ನು ಅಲರ್ಜಿ ಎಂದುಕೊಂಡು ಬಿಟ್ಟವರೇ ಹೆಚ್ಚು. ಮುಖ ಊದಿಕೊಳ್ಳದಿದ್ದರೆ, ನೀರುಗುಳ್ಳೆ ಏಳದಿದ್ದರೆ ಮುಂದುವರಿಸಬಹುದು. ಹಿಟ್ಟು ಕಲಸಿ ಹಚ್ಚಿದರೆ ಮಾತ್ರ ಈ ಯಾವ ಗುಣವೂ ಸಿಗದು. ಧಾನ್ಯದಲ್ಲಿ ಇರುವುದು ತೀರಾ ಅತ್ಯಲ್ಪ.

ಟೀ ಟ್ರೀ ಎಣ್ಣೆ. ಕೆಂಪು, ಕೀವಿನ ಮೊಡವೆಗೆ. ಚಹಾಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ನೇರಳೆ, ಲವಂಗ, ನೀಲಗಿರಿ ಮರದ ಕುಟುಂಬಕ್ಕೆ ಸೇರಿದ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಕಡೆಯ ಗಿಡ. ಅಲ್ಲಿನ ಬುಂಜಲುಂಗ್ ಮೂಲನಿವಾಸಿಗಳು ಇದರ ಎಲೆಯನ್ನು ಗಾಯಕ್ಕೆ ಬಳಸುತ್ತಿದ್ದರು. ಕೆಲಸ ಮಾಡುವ ಅಂಶ ಟರ್ಪಿನೆನ್-4-ಓಲ್. 1990ರಲ್ಲಿ ಸಿಡ್ನಿಯಲ್ಲಿ 124 ರೋಗಿಗಳ ಮೇಲೆ ಶೇ. 5ರ ಟೀ ಟ್ರೀ ಜೆಲ್ಲನ್ನು ಶೇ. 5ರ ಬೆಂಜಾಯಿಲ್ ಪೆರಾಕ್ಸೈಡ್ (ಮೊಡವೆಗೆ ಹಚ್ಚುವ ರಾಸಾಯನಿಕ ಮದ್ದು) ಜೊತೆ ಹೋಲಿಸಿ ನೋಡಿದರು. ಎರಡೂ ಮೊಡವೆ ಇಳಿಸಿದವು. ಟೀ ಟ್ರೀ ನಿಧಾನ, ಆದರೆ ಚರ್ಮ ಒಣಗಿ ಸಿಪ್ಪೆ ಏಳುವುದು ಕಡಿಮೆ. 2007ರಲ್ಲಿ ಇರಾನಿನಲ್ಲಿ 60 ಮಂದಿಯ ಮೇಲೆ 45 ದಿನ ನಡೆದ ಪ್ರಯೋಗದಲ್ಲೂ ಶೇ. 5ರ ಜೆಲ್ ಖಾಲಿ ಜೆಲ್ಲಿಗಿಂತ ಮೇಲು ಎನಿಸಿತು. ಈ ಶೇ. 5 ಎಂಬುದನ್ನು ಮರೆಯಬೇಡಿ. ಸಣ್ಣ ಬಾಟಲಿಯ ಅಪ್ಪಟ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಮೊಡವೆಗೆ ಒತ್ತುವುದು ಅದರ ಇಪ್ಪತ್ತು ಪಟ್ಟು. ಸುಟ್ಟ ಕಲೆ ಬಂದರೆ ಮೊಡವೆಯ ಕಲೆಗಿಂತ ಹಟಮಾರಿ. ಮನೆಯಲ್ಲೇ ಮಾಡುವುದಾದರೆ 19 ಮಿ.ಲೀ. ಮಂದವಾದ ಲೋಳೆಸರದ ಜೆಲ್ಲಿಗೆ 1 ಮಿ.ಲೀ. ಎಣ್ಣೆ, ಪ್ರತಿ ಸಲವೂ ಚೆನ್ನಾಗಿ ಕಲಕಿ. ಆದರೂ ಸಿದ್ಧ ಜೆಲ್ ಕೊಳ್ಳುವುದೇ ಮೇಲು, ಎಣ್ಣೆ ಎಲ್ಲ ಕಡೆ ಒಂದೇ ಸಮ ಹರಡಿರುತ್ತದೆ. ಈ ಎಣ್ಣೆ ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಹಸಿರು ಚಹಾದ ಇಜಿಸಿಜಿ. ಜಿಡ್ಡಿನ ಮುಖಕ್ಕೆ. 2013ರಲ್ಲಿ ಕೊರಿಯಾದಲ್ಲಿ 8 ವಾರ, ಒಬ್ಬರದೇ ಮುಖದ ಎರಡು ಬದಿ ಹೋಲಿಸುತ್ತ ಶೇ. 1 ಮತ್ತು ಶೇ. 5ರ ದ್ರಾವಣ ಹಚ್ಚಿ ನೋಡಿದಾಗ ಮೊಡವೆ ಕಡಿಮೆಯಾಯಿತು. ಜಿಡ್ಡಿನ ಕಣ ಕೊಬ್ಬು ತಯಾರಿಸುವುದನ್ನೇ ಇದು ತಗ್ಗಿಸುತ್ತದೆ. ತೊಂದರೆ ಒಂದೇ, ಈ ಅಂಶ ಗಾಳಿ ಬೆಳಕಿಗೆ ಬೇಗ ಕೆಡುತ್ತದೆ. ಕಾಯಿಸಿಟ್ಟ ಚಹಾ ಸಂಜೆಯಷ್ಟರಲ್ಲಿ ಕಂದಾಗುವುದು ನೋಡಿಲ್ಲವೇ? ಸೀರಮ್ಮೂ ಹಾಗೇ ಕಂದಾದರೆ ಎಸೆಯಿರಿ. ತಣ್ಣಗಾದ ಹಸಿರು ಚಹಾದಲ್ಲಿ ಬಟ್ಟೆ ಅದ್ದಿ ಮುಖಕ್ಕೆ ಹಾಕಿಕೊಂಡರೆ ನಷ್ಟವಿಲ್ಲ, ಹಾಯೆನಿಸುತ್ತದೆ. ಅದನ್ನು ಚಿಕಿತ್ಸೆ ಎಂದು ಲೆಕ್ಕ ಹಿಡಿಯಬೇಡಿ.

ಬಾಕುಚಿಯೋಲ್. ಇದು ನಮ್ಮ ಬಾವಂಚಿಯ ಬೀಜದ್ದು. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸುಖದೇವ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿ ವಿವರಿಸಿದರು. ಅರ್ಧ ಶತಮಾನದ ನಂತರ ವಿದೇಶಿ ಸೌಂದರ್ಯ ಕಂಪನಿಗಳು ‘ಗಿಡದ ರೆಟಿನಾಲ್’ ಎಂದು ಹೊತ್ತು ಮೆರೆಸಿದವು. ರೆಟಿನಾಲ್ ಎಂದರೆ ವಿಟಮಿನ್ ಎ, ಅದರ ಬಳಗದ ಮದ್ದುಗಳೇ ರೆಟಿನಾಯ್ಡ್. ಮುಖದ ಸುಕ್ಕಿನ ವಿಷಯದಲ್ಲಿ ಶೇ. 0.5ರ ಬಾಕುಚಿಯೋಲನ್ನು ರೆಟಿನಾಲ್ ಜೊತೆ ಹೋಲಿಸಿದ ಪ್ರಯೋಗ ಇದೆ. ಮೊಡವೆಯ ವಿಷಯದಲ್ಲಿ ಪುರಾವೆ ಇನ್ನೂ ತೆಳು. ರೆಟಿನಾಯ್ಡ್ ಉರಿ ತಡೆಯಲಾರದವರು ಪ್ರಯತ್ನಿಸಬಹುದು. ಆದರೆ ಕಿವಿಗೊಟ್ಟು ಕೇಳಿ: ಗ್ರಂದಿಗೆ ಅಂಗಡಿಯ ಬಾವಂಚಿ ಪುಡಿ ತಂದು ಹಾಲಲ್ಲಿ ಕಲಸಿ ಹಚ್ಚಬೇಡಿ. ಬೀಜದಲ್ಲಿ ಬಾಕುಚಿಯೋಲ್ ಒಂದೇ ಇಲ್ಲ, ಸೋರಲೆನ್ ಕೂಡ ಇದೆ. ತೊನ್ನಿಗೆ ಬಾವಂಚಿ ಕೊಟ್ಟು ಬಿಸಿಲಿಗೆ ಒಡ್ಡುವುದು ಆ ಸೋರಲೆನ್ನಿಗಾಗಿಯೇ, ಅದು ಬಿಸಿಲಿನ ಜೊತೆ ಸೇರಿ ಚರ್ಮ ಕಪ್ಪಾಗಿಸುತ್ತದೆ. ನನ್ನ ನಿಂಬೆ ಪಟ್ಟೆ ಬಂದದ್ದೂ ಇದೇ ಬಳಗದ ಅಂಶಗಳಿಂದ. ಒಂದೇ ಬೀಜ, ಒಂದು ಅಂಶ ಮದ್ದು, ಇನ್ನೊಂದು ಬೆಂಕಿ.

ಇನ್ನು ಅಡುಗೆಮನೆ, ಹಿತ್ತಲಿನವು. ಬೇವಿನ ನಿಂಬಿಡಿನ್, ನಿಂಬೊಲೈಡ್ ಮುಂತಾದವು ಪ್ರಯೋಗಾಲಯದಲ್ಲಿ ಉರಿಯೂತ ಇಳಿಸುತ್ತವೆ, ಬ್ಯಾಕ್ಟೀರಿಯಾ ತಡೆಯುತ್ತವೆ. ಮನುಷ್ಯರ ಮುಖದ ಮೇಲೆ ಗಟ್ಟಿ ಪ್ರಯೋಗ ಕಡಿಮೆ. ಎಲೆ ಕುದಿಸಿ ಸೋಸಿದ ನೀರಲ್ಲಿ ಮುಖ ತೊಳೆಯುವುದು ನಿರಪಾಯ. ಬೇವಿನ ಎಣ್ಣೆ ಮಾತ್ರ ಮಂದ ಜಿಡ್ಡು, ಮೊಡವೆ ಮುಖಕ್ಕೆ ಬೇಡ. ಅರಿಶಿನದ ಕರ್ಕ್ಯುಮಿನ್ ಕಾಗದದ ಮೇಲೆ ಹುಲಿ. ಆದರೆ ಪುಡಿಯಲ್ಲಿ ಅದು ಇರುವುದು ನೂರಕ್ಕೆ ಎರಡರಿಂದ ಐದು ಭಾಗ, ನೀರಲ್ಲಿ ಕರಗದು, ಬೆಳಕಿಗೆ ಕೆಡುತ್ತದೆ, ಚರ್ಮದೊಳಕ್ಕೆ ಇಳಿಯುವುದೂ ಕಷ್ಟ. ಅಂಗಡಿ ಪುಡಿಗೆ ಬಣ್ಣ ಬೆರೆಸುವವರಿದ್ದಾರೆ, ಹಚ್ಚುವುದೇ ಆದರೆ ಕೊಂಬು ತಂದು ತೇಯ್ದುಕೊಳ್ಳಿ. ಗಂಧ ತೇಯ್ದ ಲೇಪ ತಂಪು. ಮೈಸೂರಿನ ಹೆಸರು ಹೊತ್ತ ಶ್ರೀಗಂಧದ ಎಣ್ಣೆಯಲ್ಲಿರುವ ಸ್ಯಾಂಟಲೋಲ್ ಬಗ್ಗೆ ಸಣ್ಣಪುಟ್ಟ ಅಧ್ಯಯನಗಳಿವೆ. ಸಾಣೆಕಲ್ಲಿನ ಮೇಲೆ ನೀರಲ್ಲಿ ತೇಯ್ದಾಗ ಅದರ ಪಾಲು ಎಷ್ಟು ಬಂದೀತು! ಆಯಿಯ ಜಾಯಿಕಾಯಿಯೂ ಇದೇ ಸಾಲಿಗೆ.

ಲೋಳೆಸರವನ್ನು ಮಾತ್ರ ಬೇರೆಯಾಗಿ ಇಡುತ್ತೇನೆ. ಒಂಟಿಯಾಗಿ ಅದು ಮೊಡವೆ ಓಡಿಸದು, ಜೊತೆಗಾರನಾಗಿ ಚೆನ್ನು. 2014ರಲ್ಲಿ ಇರಾನಿನಲ್ಲಿ 60 ಮಂದಿಗೆ ರೆಟಿನಾಯ್ಡ್ ಬಳಗದ ಟ್ರೆಟಿನಾಯಿನ್ ಕ್ರೀಮಿನ ಜೊತೆ ಲೋಳೆಸರದ ಜೆಲ್ ಕೊಟ್ಟು ನೋಡಿದಾಗ, ಟ್ರೆಟಿನಾಯಿನ್ ಒಂದೇ ಕೊಟ್ಟಾಗಿನದಕ್ಕಿಂತ ಫಲವೂ ಹೆಚ್ಚು, ಕೆಂಪೂ ಕಡಿಮೆ. ಹಿತ್ತಲಿನ ಎಲೆ ಕೊಯ್ದರೆ ಬುಡ ಕೆಳಗೆ ಮಾಡಿ ಹದಿನೈದು ನಿಮಿಷ ನಿಲ್ಲಿಸಿ. ಹಳದಿ ಹಾಲು ಇಳಿದುಹೋಗಲಿ, ಅದರ ಅಲೋಯಿನ್ ತುರಿಕೆ ತರುತ್ತದೆ. ಆಮೇಲೆ ಸಿಪ್ಪೆ ತೆಗೆದು ತಿಳಿ ಲೋಳೆ ಮಾತ್ರ ಬಳಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ.

ಹಂತ 4: ಲೇಬಲ್ ಓದದೆ ದುಡ್ಡು ಕೊಡಬೇಡಿ

ಮುಂಬದಿಯ ಎಲೆಯ ಚಿತ್ರಕ್ಕೆ ಬೆಲೆ ಇಲ್ಲ, ಹಿಂಬದಿಯ ಸಣ್ಣಕ್ಷರಕ್ಕೆ ಇದೆ. ಅಂಶದ ಹೆಸರಿನ ಮುಂದೆ ಶೇಕಡಾ ಪ್ರಮಾಣ ಇದೆಯೇ ನೋಡಿ. ‘ಬೇವಿನ ಗುಣಗಳಿಂದ ಕೂಡಿದ’ ಎಂಬುದು ಪ್ರಮಾಣವಲ್ಲ, ಕವಿತೆ. ಪಟ್ಟಿಯಲ್ಲಿ ಗಿಡದ ಸಾರ ಸುಗಂಧಕ್ಕಿಂತಲೂ ಕೆಳಗೆ ಬಂದಿದ್ದರೆ ಅದು ಹೆಸರಿಗಷ್ಟೇ ಬಿದ್ದಿದೆ ಎಂದು ತಿಳಿಯಿರಿ. ಫೇಸ್‌ವಾಶ್‌ನಲ್ಲಿ ಎಷ್ಟೇ ಒಳ್ಳೆಯ ಅಂಶ ಇರಲಿ, ಅದು ಮುಖದ ಮೇಲಿರುವುದು ಅರ್ಧ ನಿಮಿಷ. ದುಡ್ಡು ಕಡಿಮೆ ಇದ್ದರೆ ಸಾದಾ ಸೋಪಿಲ್ಲದ ಕ್ಲೆನ್ಸರ್ ಕೊಂಡು, ಉಳಿದದ್ದನ್ನು ಹಚ್ಚಿ ಬಿಡುವ ಜೆಲ್ಲಿಗೆ ಹಾಕಿ.

ಟೀ ಟ್ರೀ ಎಣ್ಣೆ ಕೊಳ್ಳುವಾಗ ಮೆಲಲೂಕ ಆಲ್ಟರ್ನಿಫೋಲಿಯಾ ಎಂಬ ಸಸ್ಯನಾಮ ಇರಲೇಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಟರ್ಪಿನೆನ್-4-ಓಲ್ ಶೇ. 35ರಷ್ಟಾದರೂ ಇರಬೇಕು. ಕಪ್ಪು ಅಥವಾ ಕಂದು ಗಾಜಿನ ಬಾಟಲಿ ಆಗಲಿ. ಮುಚ್ಚಳ ತೆಗೆದ ದಿನವನ್ನು ಪೆನ್ನಿನಲ್ಲಿ ಬರೆದಿಟ್ಟು ಆರು ತಿಂಗಳಿಗೆ ಎಸೆಯಿರಿ. ಗಾಳಿಗೆ ಹಳತಾದ ಎಣ್ಣೆಯೇ ಅಲರ್ಜಿ ಹೆಚ್ಚು ತರುವುದು.

ಹಂತ 5: ಮೊದಲು ಮೊಣಕೈಗೆ

ಮೊಣಕೈ ಮಡಿಕೆಯ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ. ದಿನಕ್ಕೆ ಎರಡು ಸಲ, ಏಳು ದಿನ. ಒಂದೇ ರಾತ್ರಿ ನೋಡಿ ‘ಏನೂ ಆಗಲಿಲ್ಲ’ ಅನ್ನಬೇಡಿ, ಗಿಡದ ಅಲರ್ಜಿ ತಡವಾಗಿ ಬರುವುದೇ ಹೆಚ್ಚು. ಕೆಂಪು, ತುರಿಕೆ, ದದ್ದು ಬಂದರೆ ಆ ಬಾಟಲಿ ನಿಮ್ಮದಲ್ಲ. ಮನೆಯಲ್ಲಿ ಮದುವೆ, ಉಪನಯನ ಇರುವ ವಾರ ಹೊಸದೇನನ್ನೂ ಶುರು ಮಾಡಬೇಡಿ.

ಹಂತ 6: ಹನ್ನೆರಡು ವಾರದ ಲೆಕ್ಕ

ಇಂದು ಮುಖದಲ್ಲಿ ಕಾಣುವ ಮೊಡವೆ ಎಷ್ಟೋ ವಾರ ಮೊದಲೇ ಕಣ್ಣಿಗೆ ಕಾಣದಷ್ಟು ಸಣ್ಣ ಅಡಚಣೆಯಾಗಿ ಶುರುವಾಗಿರುತ್ತದೆ. ಅದಕ್ಕೇ ಹತ್ತು ದಿನಕ್ಕೆ ಮದ್ದು ಬದಲಿಸುವವರಿಗೆ ಯಾವ ಮದ್ದೂ ಹತ್ತುವುದಿಲ್ಲ. ಶುರು ಮಾಡುವ ದಿನ ಕಿಟಕಿಯ ಪಕ್ಕ ನಿಂತು, ಫಿಲ್ಟರ್ ಇಲ್ಲದೆ, ಎದುರು ಮತ್ತು ಎರಡು ಬದಿಯ ಮೂರು ಫೋಟೊ ತೆಗೆಯಿರಿ. ಅದೇ ಜಾಗ, ಅದೇ ಹೊತ್ತು, ನಾಲ್ಕು ವಾರಕ್ಕೊಮ್ಮೆ. ಕನ್ನಡಿ ದಿನಕ್ಕೊಂದು ಮಾತಾಡುತ್ತದೆ, ಫೋಟೊ ಒಂದೇ ಮಾತಾಡುತ್ತದೆ.

ಮೊದಲ ಎರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ. ಮುಖ ತೊಳೆದು, ಒರೆಸಿ, ಪೂರ್ತಿ ಒಣಗಲು ಬಿಡಿ. ಒದ್ದೆ ಚರ್ಮ ಹೆಚ್ಚು ಉರಿಯುತ್ತದೆ. ಇಡೀ ಮುಖಕ್ಕೆ ಕಡಲೆಕಾಳಿನಷ್ಟು ಜೆಲ್ ಸಾಕು. ಮೊಡವೆಯ ತಲೆಗೆ ಮಾತ್ರ ಚುಕ್ಕೆ ಇಡುವುದಲ್ಲ, ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು, ಏಕೆಂದರೆ ಮುಂದಿನ ತಿಂಗಳದ್ದು ಅಲ್ಲೇ ಅಡಗಿ ಕೂತಿದೆ. ಅದರ ಮೇಲೆ ಎಣ್ಣೆ ಇಲ್ಲದ ಮಾಯಿಶ್ಚರೈಸರ್. ಜಿಡ್ಡಿನ ಮುಖಕ್ಕೆ ಅದೇಕೆ ಎನ್ನಬೇಡಿ, ಒಣಗಿ ಬಿರಿದ ಚರ್ಮಕ್ಕೆ ಯಾವ ಮದ್ದೂ ಒಗ್ಗದು. ಮೂರನೇ ವಾರದಿಂದ ದಿನಾ ರಾತ್ರಿ, ತಡೆದುಕೊಂಡರೆ ಐದನೇ ವಾರದಿಂದ ಅಜೆಲೈಕ್ ಅಥವಾ ಟೀ ಟ್ರೀ ಜೆಲ್ಲನ್ನು ಬೆಳಿಗ್ಗೆಯೂ. ಸ್ಯಾಲಿಸಿಲಿಕ್ ಒಂದೇ ಹೊತ್ತು ಸಾಕು.

ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಸ್ಕೂಟರ್ ಮೇಲೆ ಹೋಗುವವರಂತೂ ಖಂಡಿತ. ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆಯ ಕಲೆಯನ್ನು ಗಟ್ಟಿ ಮಾಡುವುದು ಬಿಸಿಲು. ಜೆಲ್ ಮಾದರಿಯದು, ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು ಸಾಕು. ಚಿವುಟುವುದು ನಿಲ್ಲಿಸಿ. ‘ಚಿವುಟಡ’ ಎಂದು ಆಯಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು, ಗುಂಡಿ ಬಿದ್ದ ಮೇಲೆ ಅದನ್ನು ತುಂಬಿಸುವ ಗಿಡ ಯಾವುದೂ ಇಲ್ಲ.

ನಾಲ್ಕನೇ ವಾರಕ್ಕೆ ಹೊಸದಾಗಿ ಏಳುವುದು ಸ್ವಲ್ಪ ಕಡಿಮೆಯಾಗಿರಬೇಕು. ಎಂಟಕ್ಕೆ ಫೋಟೊದಲ್ಲಿ ಕಣ್ಣಿಗೆ ಕಾಣಬೇಕು. ಹನ್ನೆರಡಕ್ಕೂ ಹಾಗೇ ಇದ್ದರೆ ಇನ್ನೊಂದು ಗಿಡ ಹುಡುಕಬೇಡಿ, ಬೆಂಜಾಯಿಲ್ ಪೆರಾಕ್ಸೈಡ್, ರೆಟಿನಾಯ್ಡ್ ಬಳಗದ ಅಡಪಲೀನ್ ಕಡೆ ಹೋಗುವ ಹೊತ್ತು ಅದು. ಗಿಡದ ಅಂಶಗಳಿಗಿಂತ ಅವುಗಳ ಪುರಾವೆ ಎಷ್ಟೋ ಗಟ್ಟಿ. ವೈದ್ಯರು ಅಡಪಲೀನ್ ಬರೆದರೆ ಬಸುರಾಗಿದ್ದರೆ, ಬಸುರಿನ ಯೋಚನೆ ಇದ್ದರೆ ಮೊದಲೇ ಹೇಳಿ.

ಹೊಟ್ಟೆಗೆ ತೆಗೆದುಕೊಳ್ಳುವವರಿಗೆ ಒಂದು ಮಾತು

ಗುಗ್ಗುಲುವಿನ ಬಗ್ಗೆ ಒಂದು ಕುತೂಹಲದ ಅಧ್ಯಯನ ಉಂಟು. 1994ರಲ್ಲಿ ನಮ್ಮ ದೇಶದಲ್ಲೇ ಗಂಟು ಮೊಡವೆಯ 20 ರೋಗಿಗಳಿಗೆ ಗುಗ್ಗುಲುವಿನ ಸಾರವಾದ ಗುಗ್ಗುಲಿಪಿಡ್ ಮತ್ತು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ಹೋಲಿಸಿದರು, ಫಲ ಹತ್ತಿರಹತ್ತಿರ ಬಂತು. ಇಪ್ಪತ್ತೇ ಮಂದಿ, ಆದ್ದರಿಂದ ಹೆಚ್ಚು ಹಿಗ್ಗುವಂತಿಲ್ಲ. ಗುಗ್ಗುಲು ಬೇರೆ ಮಾತ್ರೆಗಳ ಜೊತೆ ತಂಟೆ ಮಾಡುತ್ತದೆ, ಆ ಗಿಡವೂ ಕಾಡಿನಲ್ಲಿ ಅಳಿವಿನಂಚಿಗೆ ಬಂದಿದೆ. ಅರಿಶಿನಕ್ಕೆ ಕರಿಮೆಣಸಿನ ಪೈಪರಿನ್ ಸೇರಿಸಿದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು 20 ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಅದನ್ನೇ ಹಿಡಿದು ಕ್ಯಾಪ್ಸೂಲು ಮಾರುವವರು ಹೆಚ್ಚಿದರು. ಈಗ ಅಂಥ ಕ್ಯಾಪ್ಸೂಲು ನುಂಗಿ ಪಿತ್ತಜನಕಾಂಗ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಹಸಿರು ಚಹಾದ ಸಾರದ ಮಾತ್ರೆಯಲ್ಲಿ ಇಜಿಸಿಜಿ ದಿನಕ್ಕೆ 800 ಮಿ.ಗ್ರಾಂ. ಮುಟ್ಟಿದರೆ ಪಿತ್ತಜನಕಾಂಗದ ಮೇಲೆ ಒತ್ತಡ ಬೀಳುವುದು ಕಂಡುಬಂದಿದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಸಾರಿನ ಅರಿಶಿನ, ಲೋಟದ ಚಹಾ ಬೇರೆ, ಮಾತ್ರೆ ಬೇರೆ. ಬೇವಿನ ಎಣ್ಣೆಯನ್ನಂತೂ ಯಾರೂ ಕುಡಿಯಬೇಡಿ, ಮಕ್ಕಳಿಗೆ ಚಮಚೆಯಷ್ಟು ಕೊಟ್ಟರೂ ಜೀವಕ್ಕೆ ಅಪಾಯ.

ಹಂತ 7: ಯಾವಾಗ ವೈದ್ಯರ ಹತ್ತಿರ

ಆಳದ ಗಂಟು, ಗುಂಡಿ ಬೀಳುವ ಕಲೆ, ಎದೆ ಬೆನ್ನೆಲ್ಲ ಹಬ್ಬಿದ್ದು, ಇವಕ್ಕೆ ಹನ್ನೆರಡು ವಾರ ಕಾಯುವುದೇ ತಪ್ಪು. ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಗಟ್ಟಿ ಕೂದಲೂ ಬರುತ್ತಿದ್ದರೆ ಅಂಡಾಶಯದ ತೊಂದರೆ, ಅಂದರೆ ಪಿಸಿಓಎಸ್ ಇರಬಹುದು, ಒಳಗಿನ ಕಾರಣಕ್ಕೆ ಹೊರಗಿನ ಲೇಪ ಏನು ಮಾಡೀತು? ಜಿಮ್ಮಿಗೆ ಸೇರಿ ಪ್ರೋಟೀನ್ ಪುಡಿ ಕುಡಿಯಲು ಶುರು ಮಾಡಿದ ಮೇಲೆ ಬಂದ ಮೊಡವೆಯಾದರೆ ಅದನ್ನೂ ವೈದ್ಯರಿಗೆ ಹೇಳಿ. ಮಕ್ಕಳು ಶಾಲೆ ಕಾಲೇಜಿಗೆ ಹೋಗಲು, ಫೋಟೊಕ್ಕೆ ನಿಲ್ಲಲು ಹಿಂಜರಿಯುತ್ತಿದ್ದರೆ ಅದೊಂದೇ ಕಾರಣ ಸಾಕು, ‘ವಯಸ್ಸಿಗೆ ಬಂದಿದ್ದು, ತಾನಾಗಿ ಹೋಗುತ್ತೆ’ ಎನ್ನುತ್ತ ಕೂರಬೇಡಿ.

ಹೋಗುವಾಗ ಆ ಮೂರು ತಿಂಗಳ ಫೋಟೊಗಳ ಜೊತೆಗೆ ಹಚ್ಚಿದ್ದು, ನುಂಗಿದ್ದು ಎಲ್ಲದರ ಟ್ಯೂಬು ಬಾಟಲಿಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ಅಜ್ಜಿ ಪೊಟ್ಟಣ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿಯೂ ಅದರಲ್ಲಿರಲಿ.